ಪಟ್ಟಿ ಬರೆಯೋರು ಯಾರು? ಬರ, ನೆರೆ, ನಕ್ಷೆ ಮತ್ತು ನಮ್ಮ ಕೇರಿ

(ಉದ್ದದ ಪೋಸ್ಟ್. ಬಿಡುವು ಮಾಡಿಕೊಂಡು ಓದಿ. ಇಷ್ಟವಾದರೆ ನಿಮ್ಮ ಊರಿನ ಗುಂಪುಗಳಿಗೂ ಹಾಕಿ.)

ಮೊನ್ನೆ ನಮ್ಮದೇ ಒಂದು ವಾಟ್ಸಾಪ್ ಗುಂಪಿನಲ್ಲಿ ಒಬ್ಬ ತಮ್ಮ ಬರೆದಿದ್ದ: "ಅಣ್ಣಾ, ಸರ್ವೆ, ಡೇಟಾ, ಮ್ಯಾಪು ಇದೆಲ್ಲ ಎನ್‌ಜಿಒದವರ ಕೆಲಸ. ನಮ್ಮದು ಹೋರಾಟ. ಬೀದಿಗೆ ಇಳಿಯೋದು ಬಿಟ್ಟು ಫಾರಂ ತುಂಬ್ತಾ ಕೂರೋಕಾಗುತ್ತಾ?" ಹತ್ತಿಪ್ಪತ್ತು ಜನ ಹೆಬ್ಬೆರಳು ಎತ್ತಿದ್ದರು. ಅಲ್ಲಿ ಜಗಳ ಆಡೋದು ಬೇಡ ಅಂತ ಸುಮ್ಮನಾದೆ. ಆದರೆ ವಿಷಯ ಸಣ್ಣದಲ್ಲ, ಹಾಗಾಗಿ ಇಲ್ಲಿ ಬರೀತಿದ್ದೀನಿ.

ನಾನು ಒಬ್ಬ ಗುಮಾಸ್ತ. ಇಪ್ಪತ್ತು ವರ್ಷದಿಂದ ನಮೂನೆ ತುಂಬೋದು, ಪಟ್ಟಿ ತಾಳೆ ನೋಡೋದು, ಷರಾ ಬರೆಯೋದು, ಇದೇ ನನ್ನ ಹೊಟ್ಟೆಪಾಡು. ಒಂದು ಮಾತು ಖಾತ್ರಿಯಾಗಿ ಹೇಳಬಲ್ಲೆ. ಸರ್ಕಾರದ ಕಣ್ಣಿಗೆ ಮನುಷ್ಯ ಕಾಣೋದು ಕಾಲಂನಲ್ಲಿ. ಕಾಲಂ ಇಲ್ಲದಿದ್ದರೆ ಆ ಕಷ್ಟವೇ ಇಲ್ಲ. ಬರ ಬಂದಾಗ, ನೆರೆ ಬಂದಾಗ, ಭೂಕಂಪ ಆದಾಗ ಯಾರಿಗೆ ಅಕ್ಕಿ, ಯಾರಿಗೆ ಟಾರ್ಪಾಲು, ಯಾರಿಗೆ ಮನೆ ಅನ್ನೋದು ಅಲ್ಲಿ ಬೈಕ್ ಮೇಲೆ ಬಂದು ಬರೆದುಕೊಂಡು ಹೋದವನ ಪಟ್ಟಿಯಲ್ಲಿ ತೀರ್ಮಾನ ಆಗಿರುತ್ತೆ. ಆ ಪಟ್ಟಿಗೂ ಒಂದು ಚರಿತ್ರೆ ಇದೆ. ಅದರಲ್ಲಿ ನಮ್ಮವರೂ ಇದ್ದಾರೆ.

*1. ದೊಡ್ಡ ಬರ ಮತ್ತು ಒಂದು ಪೌಂಡ್ ಧಾನ್ಯ*

1876ರಲ್ಲಿ ಮಳೆ ಕೈಕೊಟ್ಟಿತು. 1878ರ ತನಕ ಮದ್ರಾಸ್ ಪ್ರಾಂತ, ಬಳ್ಳಾರಿ, ಮೈಸೂರು ಸಂಸ್ಥಾನ, ಮುಂಬೈ ಪ್ರಾಂತದ ಧಾರವಾಡ, ಕಲಾದಗಿ ಕಡೆ, ಹೈದರಾಬಾದ್ ಸೀಮೆ ಎಲ್ಲ ಕಡೆ ಜನ ಹುಳುಗಳ ಹಾಗೆ ಸತ್ತರು. ಒಟ್ಟು ಸತ್ತವರು 50 ಲಕ್ಷಕ್ಕೂ ಹೆಚ್ಚು ಅಂತ ಅಂದಾಜು. ಮೈಸೂರನ್ನು ಆಗ ಬ್ರಿಟಿಷ್ ಕಮಿಷನರ್ ಆಳುತ್ತಿದ್ದರು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಹತ್ತು ವರ್ಷದಲ್ಲಿ ಹುಟ್ಟಿದವರನ್ನೂ ಸೇರಿಸಿ ಈ ಲೆಕ್ಕ. ಇದರಿಂದಲೇ ಊಹೆ ಮಾಡಿ.

ಆಗಲೇ ಒಂದು ದೊಡ್ಡ ಜಗಳ ನಡೆಯಿತು: ಒಬ್ಬ ಮನುಷ್ಯ ಬದುಕೋಕೆ ಎಷ್ಟು ಬೇಕು? ವೈಸರಾಯ್ ಕಳಿಸಿದ್ದ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ, ಬರಕಾಮಗಾರಿಯಲ್ಲಿ ದುಡಿಯೋ ಗಂಡಸಿಗೆ ದಿನಕ್ಕೆ ಒಂದು ಪೌಂಡ್, ಅಂದರೆ ಅರ್ಧ ಕೆಜಿಗೂ ಕಮ್ಮಿ ಧಾನ್ಯ, ಮೇಲೆ ಒಂದಿಷ್ಟು ಪುಡಿಗಾಸು ಸಾಕು ಅಂದ. ಮದ್ರಾಸಿನ ಸ್ಯಾನಿಟರಿ ಕಮಿಷನರ್ ಆಗಿದ್ದ ಡಾಕ್ಟರ್ ಕಾರ್ನಿಶ್ ಇದನ್ನು ಒಪ್ಪಲಿಲ್ಲ. ಕಲ್ಲು ಒಡೆಯೋ ಮನುಷ್ಯನ ಮೈಗೆ ಇದು ಸಾಲದು, ಇದು ನಿಧಾನವಾಗಿ ಕೊಲ್ಲೋ ಅಳತೆ ಅನ್ನೋದು ಆತನ ವಾದ. ಶಿಬಿರಗಳಲ್ಲಿ ಜನ ಸಾಯ್ತಿರೋ ಲೆಕ್ಕವನ್ನೇ ಮುಂದಿಟ್ಟ. ಕೆಲವು ತಿಂಗಳಾದ ಮೇಲೆ ಮದ್ರಾಸ್ ಸರ್ಕಾರ ಆ ಕೂಲಿಯನ್ನು ಹೆಚ್ಚು ಮಾಡಲೇಬೇಕಾಯಿತು.

ಇವತ್ತು ವಿಶ್ವಸಂಸ್ಥೆಯವರು, ದೊಡ್ಡ ದೊಡ್ಡ ಸಂಸ್ಥೆಯವರು 'ಅಗತ್ಯಗಳ ಮೌಲ್ಯಮಾಪನ' ಅಂತ ಏನು ಮಾಡ್ತಾರೋ ಅದರ ಬೇರು ಇಲ್ಲಿದೆ. ತಲೆಗೆ ದಿನಕ್ಕೆ ಎಷ್ಟು ನೀರು, ಎಷ್ಟು ಕಾಳು, ಎಷ್ಟು ಜನಕ್ಕೆ ಒಂದು ಶೌಚಾಲಯ? ರುವಾಂಡಾದ 1994ರ ನರಮೇಧದ ಆಮೇಲೆ ನಿರಾಶ್ರಿತರ ಶಿಬಿರಗಳಲ್ಲಿ ಆದ ಸಾವುನೋವು ನೋಡಿ, 1997ರಲ್ಲಿ ಸ್ಫಿಯರ್ ಅನ್ನೋ ಯೋಜನೆ ಶುರುವಾಯಿತು. ಅದರ ಕೈಪಿಡಿ ಪ್ರಕಾರ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, 20 ಜನಕ್ಕೆ ಒಂದು ಶೌಚಾಲಯ. ಟೆಂಪಲ್ ಮತ್ತು ಕಾರ್ನಿಶ್ ಜಗಳದಿಂದ ಇಲ್ಲಿಗೆ ನೂರಿಪ್ಪತ್ತು ವರ್ಷ. ಇಷ್ಟು ಅಂತ ಅಳತೆ ಬರೆದಿಟ್ಟರೆ ಮಾತ್ರ 'ಇಷ್ಟು ಕೊಟ್ಟಿಲ್ಲ' ಅಂತ ಕೇಳೋಕೆ ಆಗೋದು. ಈ ಸೂಕ್ಷ್ಮ ನಮಗೆ ಅರ್ಥ ಆಗಬೇಕು.

ಇದೇ ಬರದಲ್ಲಿ ಇನ್ನೊಂದು ದಾಖಲೆ ಇದೆ. 1877ರ ಏಪ್ರಿಲ್‌ನಲ್ಲಿ ತಾಯಿ ಸಾವಿತ್ರಿಬಾಯಿ ಫುಲೆ ಜುನ್ನರ್ ಕಡೆಯ ಓತೂರಿನಿಂದ ಜ್ಯೋತಿಬಾ ಅವರಿಗೆ ಬರೆದ ಪತ್ರ. ನಾವು ಅದನ್ನು ಗಂಡ ಹೆಂಡತಿಯ ಪ್ರೀತಿ, ಸೇವಾಭಾವ ಅಂತಷ್ಟೇ ಓದ್ತೀವಿ. ಇನ್ನೊಂದು ಸಲ ಓದಿ ನೋಡಿ. ಮೇವಿಲ್ಲದೆ ಸಾಯ್ತಿರೋ ದನಗಳು, ಬತ್ತಿದ ಹಳ್ಳ, ಊರು ಬಿಟ್ಟು ಹೊರಟ ಜನ, ಇದರಲ್ಲೂ ಬಡವರನ್ನು ಹಿಂಡೋ ಸಾಹುಕಾರರು, ಸತ್ಯಶೋಧಕ ಕಾರ್ಯಕರ್ತರು ಏನೇನು ಮಾಡ್ತಿದ್ದಾರೆ ಅನ್ನೋ ವಿವರ, ಎಲ್ಲ ಅದರಲ್ಲಿದೆ. ಅದು ಸ್ಥಳಕ್ಕೆ ಹೋಗಿ, ಕಣ್ಣಾರೆ ಕಂಡು, ಮುಂದಿನ ಕೆಲಸಕ್ಕೆ ಅಂತ ಬರೆದ ವರದಿ. ಆ ಕಾಲದಲ್ಲೇ ಸತ್ಯಶೋಧಕರು ಪುಣೆ ಹತ್ತಿರದ ಧನಕವಾಡಿಯಲ್ಲಿ ಬರಪೀಡಿತ ಮಕ್ಕಳಿಗೆ ಅನ್ನದ ವ್ಯವಸ್ಥೆ ಮಾಡಿದ್ದರು. ಡೇಟಾ ಎನ್‌ಜಿಒದವರ ಕೆಲಸ ಅನ್ನೋ ತಮ್ಮನಿಗೆ ಇದು ನನ್ನ ಮೊದಲ ಉತ್ತರ.

*2. ನಡೆಯೋನು ಒಬ್ಬ, ಬರೆಯೋನು ಇನ್ನೊಬ್ಬ*

ಬರ ಮುಗಿದ ಮೇಲೆ ಸ್ಟ್ರೇಚಿ ಅನ್ನೋನ ಅಧ್ಯಕ್ಷತೆಯಲ್ಲಿ ಒಂದು ಆಯೋಗ ಕೂತು, 1880ರಲ್ಲಿ ವರದಿ ಕೊಟ್ಟಿತು. ಅದರಿಂದ ಬಂದದ್ದೇ ಬರ ಸಂಹಿತೆ, ಫ್ಯಾಮಿನ್ ಕೋಡ್. ಧಾನ್ಯದ ಬೆಲೆ ಏರಿದೆಯಾ, ಜನ ಗುಳೆ ಹೊರಟಿದ್ದಾರಾ, ಕಳ್ಳತನ ಹೆಚ್ಚಾಗಿದೆಯಾ? ಇಂಥ ಗುರುತು ನೋಡಿ ಹಳ್ಳಿಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ ವರದಿ ಹೋಗಬೇಕು, ಸಾವು ಬರೋಕೆ ಮೊದಲೇ ಎಚ್ಚರಿಕೆ ಬರಬೇಕು. ವಿಚಾರವಾಗಿ ಅದು ದೊಡ್ಡದೇ. ಈಗ ಪ್ರಪಂಚದಲ್ಲಿ ನಡೀತಿರೋ ಬರದ ಮುನ್ಸೂಚನೆ ವ್ಯವಸ್ಥೆಗಳೆಲ್ಲ ಅದರ ಮೊಮ್ಮಕ್ಕಳು.

ಆದರೆ ಹಳ್ಳಿಯಲ್ಲಿ ಬರೆಯುತ್ತಿದ್ದವರು ಯಾರು? ಶಾನುಭೋಗ. ಹೂಂ ಅನ್ನುತ್ತಿದ್ದವರು ಯಾರು? ಪಟೇಲ. ಸುದ್ದಿ ತರ್ತಿದ್ದವರು ಯಾರು? ಕುಳವಾಡಿ, ತೋಟಿ, ತಳವಾರ. ಯಾರ ಮನೆಯಲ್ಲಿ ಸಾವಾಯಿತು, ಯಾವ ಹೊಲದ ಬದು ಎಲ್ಲಿದೆ, ಕೆರೆ ಎಷ್ಟು ಇಳಿದಿದೆ, ಇದೆಲ್ಲ ಕಾಲಲ್ಲಿ ನಡೆದು ತಿಳಿದವನು ಅವನು. ಹಳೇ ಮೈಸೂರಿನ ದಾಖಲೆಗಳಲ್ಲೇ ಒಂದು ಸಂಗತಿ ಇದೆ. ಎರಡು ಊರಿನ ನಡುವೆ ಗಡಿ ಜಗಳ ಬಂದರೆ ಹೊಲೆಯರ ಕುಳವಾಡಿಯನ್ನು ಕರೆಸುತ್ತಿದ್ದರಂತೆ. ಊರಿನ ಮಣ್ಣಿನ ಉಂಡೆ ಹಿಡಿದು ಅವನು ನಡೆದದ್ದೇ ಗಡಿ. ಅವನ ಮಾತೇ ಕೊನೆ.

ಸ್ವಲ್ಪ ಯೋಚನೆ ಮಾಡಿ ಬಂಧುಗಳೇ. ಊರಿನ ಎಲ್ಲೆ ಎಲ್ಲಿ ಅಂತ ಹೇಳೋ ಅಧಿಕಾರ ಇದ್ದವನಿಗೆ ಊರೊಳಗೆ ಮನೆ ಕಟ್ಟೋ ಅಧಿಕಾರ ಇರಲಿಲ್ಲ. ನಕ್ಷೆ ಅವನ ತಲೆಯಲ್ಲಿತ್ತು, ಕಾಗದ ಇನ್ನೊಬ್ಬನ ಪೆಟ್ಟಿಗೆಯಲ್ಲಿತ್ತು. ನಮ್ಮಜ್ಜಂದಿರಿಗೆ ಸರ್ವೆ ಬರ್ತಿರಲಿಲ್ಲ ಅಂತ ಯಾರಾದರೂ ಅಂದರೆ ಇದನ್ನು ಹೇಳಿ. ನಮ್ಮ ಕೈಯಲ್ಲಿ ಇಲ್ಲದೇ ಇದ್ದದ್ದು ಲೇಖನಿ ಮಾತ್ರ.

*3. ಕೋಟಿ ಜನ ಲಕ್ಷ ಆದದ್ದು*

ಲೇಖನಿ ಅವರ ಕೈಯಲ್ಲಿದ್ದರೆ ಏನಾಗುತ್ತೆ ಅನ್ನೋದಕ್ಕೆ ಬಾಬಾಸಾಹೇಬರು ಬರೆದ ಒಂದು ಅಧ್ಯಾಯ ಸಾಕು. ಅವರ ಬರಹಗಳ 5ನೇ ಸಂಪುಟದಲ್ಲಿದೆ. ಅಸ್ಪೃಶ್ಯರು ಲಕ್ಷೋಪಲಕ್ಷದಿಂದ ಚೂರುಪಾರಿಗೆ ಇಳಿದದ್ದು ಹೇಗೆ ಅನ್ನೋದು ಅದರ ವಿಷಯ. 1932ರಲ್ಲಿ ಮತದಾನದ ಹಕ್ಕು ತೀರ್ಮಾನ ಮಾಡೋಕೆ ಲೋಥಿಯನ್ ಸಮಿತಿ ಬಂತು. ಅಲ್ಲಿಯ ತನಕ ಅಸ್ಪೃಶ್ಯರ ಸಂಖ್ಯೆ ಬಗ್ಗೆ ಯಾರಿಗೂ ದೊಡ್ಡ ತಕರಾರು ಇರಲಿಲ್ಲ. ಸಂಖ್ಯೆಗೆ ತಕ್ಕಂತೆ ಸೀಟು ಕೊಡಬೇಕಾಗುತ್ತೆ ಅಂತ ಗೊತ್ತಾದ ತಕ್ಷಣ ಪ್ರಾಂತ ಪ್ರಾಂತದ ಸವರ್ಣೀಯರು ಎದ್ದು ನಿಂತು, ನಮ್ಮಲ್ಲಿ ಅಸ್ಪೃಶ್ಯರೇ ಇಲ್ಲ, ಇದ್ದರೂ ಬೆರಳೆಣಿಕೆ ಅಂದರು. ಸಂಯುಕ್ತ ಪ್ರಾಂತದಲ್ಲಿ ಜನಗಣತಿ ಕೋಟಿ ಮೀರಿ ಎಣಿಸಿದ್ದ ಜನ, ಪ್ರಾಂತೀಯ ಸಮಿತಿಯ ಲೆಕ್ಕದಲ್ಲಿ ಲಕ್ಷಗಳಾಗಿಬಿಟ್ಟರು. ಯಾರೂ ಸತ್ತಿರಲಿಲ್ಲ. ಬರೀ ವ್ಯಾಖ್ಯೆ ಬದಲಾಯಿಸಿದ್ದರು.

ಕಾಲಂನ ತಲೆಬರಹ ಬದಲಾಯಿಸಿದರೆ ಒಂದು ಜನಾಂಗವೇ ಮಾಯ. ಈ ಮಾತು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ನಾಗಪಟ್ಟಣಕ್ಕೆ ಹೋದಾಗ ಬೇಕಾಗುತ್ತೆ.

ಆಚೆ ಅಮೆರಿಕದಲ್ಲೂ ಇದೇ ಕಾಲದ ಆಸುಪಾಸಿನ ಒಂದು ಕಥೆ ಇದೆ. ಲಂಡನ್ನಿನಲ್ಲಿ ಚಾರ್ಲ್ಸ್ ಬೂತ್ ಅನ್ನೋ ಸಾಹುಕಾರ 1889ರಿಂದ ಬೀದಿಬೀದಿಯ ಬಡತನದ ನಕ್ಷೆ ಮಾಡಿಸಿದ. ಶ್ರೀಮಂತರ ಬೀದಿಗೆ ಹಳದಿ, ತೀರಾ ಬಡವರ ಬೀದಿಗೆ ಕಪ್ಪು. ಆ ಕಪ್ಪಿಗೆ ಕೊಟ್ಟ ವಿವರಣೆ 'ಕೆಟ್ಟ ನಡತೆಯ, ಅರೆ ಅಪರಾಧಿ ವರ್ಗ' ಅಂತ. ಬಡತನ ಅಳೆಯೋಕೆ ಹೋಗಿ ಬಡವನ ಶೀಲ ಅಳೆದ. ಇದಾದ ಹತ್ತು ವರ್ಷಕ್ಕೆ, 1899ರಲ್ಲಿ, ಡು ಬಾಯ್ಸ್ ಅನ್ನೋ ಕಪ್ಪು ವಿದ್ವಾಂಸರು ಫಿಲಡೆಲ್ಫಿಯಾ ನಗರದ ಏಳನೇ ವಾರ್ಡಿನ ಬಗ್ಗೆ ಪುಸ್ತಕ ತಂದರು. ಮನೆಮನೆಗೆ ತಾವೇ ಹೋಗಿ, ಕೂತು ಮಾತಾಡಿ, ಸಾವಿರಾರು ಕಪ್ಪು ಜನರ ಕೂಲಿ, ಬಾಡಿಗೆ, ಕಾಯಿಲೆ, ಓದು ಎಲ್ಲ ಬರೆದುಕೊಂಡರು. ನಕ್ಷೆಯಲ್ಲಿ ಮನೆಮನೆಗೂ ಬಣ್ಣ ಹಾಕಿದರು. ಇವರ ಕಷ್ಟಕ್ಕೆ ಇವರ ಗುಣ ಕಾರಣ ಅಲ್ಲ, ಕೆಲಸ ಕೊಡದ, ಮನೆ ಕೊಡದ ಜನಾಂಗಭೇದ ಕಾರಣ ಅಂತ ಅಂಕಿ ಇಟ್ಟು ತೋರಿಸಿದರು. ಅಳತೆ ಇಬ್ಬರದೂ ಅಳತೆಯೇ. ಅಳೆದ ಕೈ ಬೇರೆ ಬೇರೆ. ಇದೇ ಡು ಬಾಯ್ಸ್ ಅವರಿಗೆ ಬಾಬಾಸಾಹೇಬರು 1946ರಲ್ಲಿ ಪತ್ರ ಬರೆದಿದ್ದರು ಅನ್ನೋದು ನಿಮಗೆ ಗೊತ್ತಿರಬಹುದು. ವಿಶ್ವಸಂಸ್ಥೆಗೆ ಕಪ್ಪು ಜನ ಕೊಡಲಿದ್ದ ಮನವಿಯ ಬಗ್ಗೆ ಕೇಳಿದ್ದರು.

*4. ದೋಣಿ ಇಲ್ಲದವನಿಗೆ ನಷ್ಟವೇ ಇಲ್ಲ*

2004ರ ಡಿಸೆಂಬರ್ 26. ಸುನಾಮಿ. ತಮಿಳುನಾಡಿನಲ್ಲೇ ಸುಮಾರು 8 ಸಾವಿರ ಜನ ಹೋದರು, ಅದರಲ್ಲಿ ಬಹುಪಾಲು ನಾಗಪಟ್ಟಣಂ ಜಿಲ್ಲೆಯವರು. ಸಮುದ್ರದಂಡೆಯ ಮೀನುಗಾರ ಸಮುದಾಯಕ್ಕೆ ಬಿದ್ದ ಏಟು ಭಯಂಕರ. ಅದರಲ್ಲಿ ಎರಡು ಮಾತಿಲ್ಲ.

ಪರಿಹಾರದ ಪಟ್ಟಿ ಶುರುವಾಯಿತು. ಏನೇನು ಕಳಕೊಂಡಿದ್ದೀರಿ? ದೋಣಿ, ಬಲೆ, ಇಂಜಿನ್, ದಂಡೆಯ ಮನೆ. ಪಟ್ಟಿಯ ತಲೆಬರಹದಲ್ಲಿ 'ಸಂತ್ರಸ್ತ' ಅಂದರೆ 'ಮೀನುಗಾರ' ಅಂತಾಯಿತು. ಅದೇ ದಂಡೆಯ ಸ್ವಲ್ಪ ಒಳಗೆ ದಲಿತ ಕೇರಿಗಳಿದ್ದವು. ದೋಣಿಯಿಂದ ಮೀನು ಇಳಿಸೋದು, ಬುಟ್ಟಿ ಹೊರೋದು, ಉಪ್ಪಿನ ಗದ್ದೆಯಲ್ಲಿ ದುಡಿಯೋದು, ಹೊಲದ ಕೂಲಿ, ಇದು ಅವರ ಬದುಕು. ಅವರ ಹತ್ತಿರ ದೋಣಿ ಇರಲಿಲ್ಲ, ಹಾಗಾಗಿ ಲೆಕ್ಕದಲ್ಲಿ ದೋಣಿ ಹೋಗಲಿಲ್ಲ. ಹೊಲ ಉಪ್ಪು ನೀರಿಗೆ ಸುಟ್ಟು ಹೋಗಿತ್ತು, ಹೊಲ ಇನ್ನೊಬ್ಬರದು. ಹೋದದ್ದು ಅವರ ದಿನಗೂಲಿ. ದಿನಗೂಲಿಗೆ ಕಾಲಂ ಇರಲಿಲ್ಲ. ಕಾಲಂ ಇಲ್ಲ ಅಂದ ಮೇಲೆ ನಷ್ಟವೂ ಇಲ್ಲ.

ಮೇಲಿಂದ ಶಿಬಿರಗಳಲ್ಲಿ ಜಾತಿ. ದಲಿತರನ್ನು ಬೇರೆ ಕೂರಿಸಿದ್ದು, ಕುಡಿಯೋ ನೀರಿನ ಟ್ಯಾಂಕ್ ಮುಟ್ಟೋಕೆ ಬಿಡದೇ ಇದ್ದದ್ದು, ಕೆಲವು ಕಡೆ ಶಿಬಿರದಿಂದಲೇ ಹೊರಗಟ್ಟಿದ್ದು, ಇವೆಲ್ಲ ಆಗ ದೇಶ ವಿದೇಶದ ಪತ್ರಿಕೆಗಳಲ್ಲಿ ಬಂದವು. 2005ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ವರದಿಯಲ್ಲೂ ದಾಖಲಾದವು. ಇನ್ನೊಂದು ಕಡೆ, ಕೊಳೆತ ಹೆಣ ಎತ್ತೋಕೆ ಬೇರೆ ಬೇರೆ ಊರಿನ ಪುರಸಭೆ ನಗರಸಭೆಗಳಿಂದ ಪೌರಕಾರ್ಮಿಕರನ್ನು ಕರೆಸಿದರು. ಅವರು ಯಾರು ಅಂತ ಬಿಡಿಸಿ ಹೇಳಬೇಕಾ? ಹೆಣ ಎತ್ತೋ ಪಟ್ಟಿಯಲ್ಲಿ ನಮ್ಮವರು ಮೊದಲು, ಅಕ್ಕಿ ಕೊಡೋ ಪಟ್ಟಿಯಲ್ಲಿ ಕೊನೆ.

ಆಗ ದಲಿತ ಸಂಘಟನೆಗಳು ಒಂದು ಕೆಲಸ ಮಾಡಿದವು. ಬರೀ ಧಿಕ್ಕಾರ ಕೂಗಿ ಬರಲಿಲ್ಲ. ಕೇರಿಕೇರಿಗೆ ಹೋಗಿ, ಇಲ್ಲಿ ಇಷ್ಟು ಮನೆ, ಇಷ್ಟು ಜನ, ಸಿಕ್ಕಿದ್ದು ಇಷ್ಟು, ಪಕ್ಕದ ಬಡಾವಣೆಗೆ ಸಿಕ್ಕಿದ್ದು ಇಷ್ಟು ಅಂತ ಬರೆದರು. ಆಮೇಲೆ 2008ರ ಆಗಸ್ಟ್ 18ಕ್ಕೆ ಕೋಸಿ ನದಿಯ ಏರಿ ಒಡೆದು ಬಿಹಾರದ ಸುಪೌಲ್, ಮಧೇಪುರ, ಅರಾರಿಯಾ, ಸಹರ್ಸಾ, ಪೂರ್ಣಿಯಾ ಕಡೆಯ 30 ಲಕ್ಷಕ್ಕೂ ಹೆಚ್ಚು ಜನ ನೀರಿನಲ್ಲಿ ಸಿಕ್ಕಿಕೊಂಡಾಗ ಅಲ್ಲಿ 'ದಲಿತ್ ವಾಚ್' ಅನ್ನೋ ಒಕ್ಕೂಟ ಹುಟ್ಟಿತು. ಅವರ ಕಾರ್ಯಕರ್ತರು ಶಿಬಿರ ಶಿಬಿರಕ್ಕೆ ಒಂದೇ ಪ್ರಶ್ನಾವಳಿ ಹಿಡಿದು ಹೋದರು. ದೋಣಿ ಮೊದಲು ಯಾವ ಟೋಲಾಕ್ಕೆ ಹೋಯಿತು? ಮುಸಹರ್ ಟೋಲಾಕ್ಕೆ ಯಾವಾಗ ಬಂತು? ಊಟದ ಸಾಲು ಒಂದೇನಾ? ಒಂದೇ ಪ್ರಶ್ನೆಯನ್ನು ಎಲ್ಲ ಕಡೆ ಕೇಳೋದರ ಶಕ್ತಿ ಏನು ಗೊತ್ತಾ? ಒಬ್ಬರು ಹೇಳಿದರೆ ಅದು 'ದೂರು'. ಅಧಿಕಾರಿ 'ಅದೊಂದು ಬಿಡಿ ಪ್ರಕರಣ' ಅಂತಾನೆ. ನೂರು ಕಡೆ ಅದೇ ಉತ್ತರ ಬಂದರೆ 'ಬಿಡಿ ಪ್ರಕರಣ' ಅನ್ನೋ ಮಾತು ಬಿದ್ದು ಹೋಗುತ್ತೆ.

*5. ಸರಾಸರಿ ಅನ್ನೋ ಮೋಸ*

ಇಲ್ಲಿ ಒಂದು ತಾಂತ್ರಿಕ ವಿಷಯ ಹೇಳಲೇಬೇಕು. ಕಷ್ಟ ಅನ್ಕೋಬೇಡಿ.

2004ರಲ್ಲಿ ಸೊಮಾಲಿಯಾದಲ್ಲಿ ಹಸಿವನ್ನು ಐದು ಹಂತದಲ್ಲಿ ಅಳೆಯೋ ಒಂದು ವಿಧಾನ ಶುರುವಾಯಿತು, ಐಪಿಸಿ ಅಂತಾರೆ. (ನಮ್ಮ ಹಳೇ ದಂಡ ಸಂಹಿತೆ ಅಲ್ಲ!) ಐದನೇ ಹಂತ ಅಂದರೆ ಕ್ಷಾಮ. ಕ್ಷಾಮ ಅಂತ ಘೋಷಣೆ ಮಾಡೋಕೆ ಮೂರು ಲೆಕ್ಕ ಸೇರಬೇಕು: ಕನಿಷ್ಠ ಶೇ. 20 ಕುಟುಂಬಗಳಿಗೆ ಊಟಕ್ಕೆ ಏನೂ ಗತಿ ಇಲ್ಲದಿರೋದು, ಶೇ. 30ಕ್ಕಿಂತ ಹೆಚ್ಚು ಮಕ್ಕಳಲ್ಲಿ ತೀವ್ರ ಅಪೌಷ್ಟಿಕತೆ, ದಿನಕ್ಕೆ 10 ಸಾವಿರ ಜನಕ್ಕೆ ಇಬ್ಬರ ಸಾವು. 2011ರ ಜುಲೈನಲ್ಲಿ ದಕ್ಷಿಣ ಸೊಮಾಲಿಯಾದ ಕೆಲವು ಭಾಗಗಳಲ್ಲಿ ವಿಶ್ವಸಂಸ್ಥೆ ಕ್ಷಾಮ ಘೋಷಿಸಿತು. ಎಚ್ಚರಿಕೆಯ ವರದಿಗಳು ತಿಂಗಳುಗಟ್ಟಲೆ ಮೊದಲೇ ಬಂದಿದ್ದವು. ದುಡ್ಡು ಬಂದದ್ದು ಘೋಷಣೆ ಆದ ಮೇಲೆ. ಆ ಹೊತ್ತಿಗೆ ಬಹಳ ಜನ ಹೋಗಿದ್ದರು. ಆಮೇಲಿನ ಒಂದು ಅಧ್ಯಯನದ ಅಂದಾಜು ಪ್ರಕಾರ ಒಟ್ಟು ಸುಮಾರು 2.58 ಲಕ್ಷ ಸಾವು, ಅದರಲ್ಲಿ ಅರ್ಧ ಐದು ವರ್ಷದ ಒಳಗಿನ ಮಕ್ಕಳು. ಸತ್ತವರಲ್ಲಿ ಹೆಚ್ಚಿನವರು ಯಾರು? ಅಲ್ಲಿನ ಸಮಾಜ ಕೀಳಾಗಿ ಕಾಣೋ ಬಂಟು ಜನ ಮತ್ತು ರಹನ್‌ವೇನ್ ಕುಲದವರು. ಇದು ಬರೀ ಮಳೆ ಮಾಡಿದ ಕೆಲಸ ಅಲ್ಲ.

ಈಗ ನಮ್ಮ ಕಡೆ ಬನ್ನಿ. ಸುಮ್ಮನೆ ಉದಾಹರಣೆಗೆ ಅಂತ ಒಂದು ಊರು ತಗೊಳ್ಳಿ. ಊರಲ್ಲಿ 400 ಮನೆ, ಕೇರಿಯಲ್ಲಿ 100 ಮನೆ. ಊರಲ್ಲಿ 20 ಮನೆಗೆ ನೀರು ನುಗ್ಗಿದೆ, ಕೇರಿಯಲ್ಲಿ 80ಕ್ಕೆ. ಮೇಲಿನ ವರದಿಯಲ್ಲಿ ಏನು ಬರುತ್ತೆ? '500 ಮನೆಗಳಲ್ಲಿ 100ಕ್ಕೆ ಹಾನಿ, ಶೇ. 20.' ಅಬ್ಬಾ, ಪರವಾಗಿಲ್ಲ ಅನಿಸುತ್ತೆ. ಕೇರಿಯ ಶೇ. 80 ಆ ಶೇ. 20ರ ಒಳಗೆ ಮುಳುಗಿ ಹೋಯಿತು. ಕೇರಿ ಯಾಕೆ ಹೆಚ್ಚು ಮುಳುಗುತ್ತೆ ಅಂತ ಗೊತ್ತಲ್ಲ, ತಗ್ಗಿನಲ್ಲಿ, ಹಳ್ಳದ ಪಕ್ಕ, ಕೆರೆ ಕೋಡಿಯ ಹಿಂದೆ ಜಾಗ ಕೊಟ್ಟವರು ಯಾರು? ಅದಕ್ಕೇ ನಾವು ಪ್ರತಿ ಸಲ ಕೇಳಬೇಕಾದ್ದು ಒಂದೇ: ಜಾತಿವಾರು, ಕೇರಿವಾರು ಬಿಡಿಸಿದ ಅಂಕಿ ಕೊಡಿ. ಒಟ್ಟು ಮೊತ್ತ ಬೇಡ.

*6. ನಕ್ಷೆಯಲ್ಲಿ ಖಾಲಿ ಬಿಟ್ಟ ಜಾಗ*

ಕೀನ್ಯಾದ ನೈರೋಬಿಯಲ್ಲಿ ಕಿಬೇರಾ ಅಂತ ಒಂದು ದೊಡ್ಡ ಕೊಳೆಗೇರಿ ಇದೆ. ಲಕ್ಷಾಂತರ ಜನ ಇದ್ದರೂ ನಕ್ಷೆಗಳಲ್ಲಿ ಅದು ಖಾಲಿ ಜಾಗ. ರಸ್ತೆ ಇಲ್ಲ, ನಲ್ಲಿ ಇಲ್ಲ, ಶಾಲೆ ಇಲ್ಲ, ಮನುಷ್ಯರೇ ಇಲ್ಲ. 2009ರಲ್ಲಿ ಅಲ್ಲಿನದೇ ಕೆಲವು ಯುವಕ ಯುವತಿಯರು ಜಿಪಿಎಸ್ ಯಂತ್ರ ಹಿಡಿದು ಓಣಿ ಓಣಿ ತಿರುಗಿದರು. ಎಲ್ಲಿ ನೀರು, ಎಲ್ಲಿ ಶೌಚಾಲಯ, ಎಲ್ಲಿ ಕ್ಲಿನಿಕ್ಕು, ರಾತ್ರಿ ಹೆಣ್ಣುಮಕ್ಕಳು ಓಡಾಡೋಕೆ ಎಲ್ಲಿ ಭಯ ಅಂತೆಲ್ಲ ಗುರುತು ಮಾಡಿ 'ಓಪನ್ ಸ್ಟ್ರೀಟ್ ಮ್ಯಾಪ್' ಅನ್ನೋ ಯಾರು ಬೇಕಾದರೂ ಬಳಸಬಹುದಾದ ನಕ್ಷೆಗೆ ಏರಿಸಿದರು.

ಮರುವರ್ಷ, 2010ರ ಜನವರಿ 12ಕ್ಕೆ ಹೈಟಿ ದೇಶದಲ್ಲಿ ಭೂಕಂಪ. ರಾಜಧಾನಿ ಪೋರ್ಟ್ ಔ ಪ್ರಿನ್ಸ್ ನೆಲಸಮ. ರಕ್ಷಣೆಗೆ ಬಂದವರ ಹತ್ತಿರ ಸರಿಯಾದ ನಕ್ಷೆಯೇ ಇಲ್ಲ. ಪ್ರಪಂಚದ ಬೇರೆ ಬೇರೆ ಮೂಲೆಯಲ್ಲಿ ಕೂತ ನೂರಾರು ಸ್ವಯಂಸೇವಕರು ಉಪಗ್ರಹದ ಚಿತ್ರ ನೋಡಿ ಕೆಲವೇ ದಿನಗಳಲ್ಲಿ ಬೀದಿ, ಬಿದ್ದ ಕಟ್ಟಡ, ಟೆಂಟು ಎಲ್ಲ ಬರೆದುಕೊಟ್ಟರು. 4636 ಅನ್ನೋ ನಂಬರಿಗೆ ಜನ ತಮ್ಮ ಕ್ರಿಯೋಲ್ ಭಾಷೆಯಲ್ಲಿ ಮೆಸೇಜ್ ಕಳಿಸಿದರು, ಬೇರೆ ದೇಶಗಳಲ್ಲಿದ್ದ ಹೈಟಿಯವರೇ ಅದನ್ನು ಅನುವಾದ ಮಾಡಿದರು. ದೊಡ್ಡ ಕೆಲಸವೇ. ಆದರೆ ಪರಿಹಾರದ ಸಮನ್ವಯ ಸಭೆಗಳು ನಡೆದದ್ದು ವಿಶ್ವಸಂಸ್ಥೆಯ ಬೇಲಿಯೊಳಗೆ, ಹೆಚ್ಚಾಗಿ ಇಂಗ್ಲಿಷಿನಲ್ಲಿ. ಹೈಟಿಯ ಜನರಿಗೆ ಒಳಗೆ ಹೋಗೋದೇ ಕಷ್ಟವಿತ್ತು. ನಕ್ಷೆಯಲ್ಲಿ ಬಂದರೂ ಮೇಜಿನ ಹತ್ತಿರ ಬರೋಕೆ ಆಗಲಿಲ್ಲ.

ಅದೇ ವರ್ಷ ಅಕ್ಟೋಬರಿನಲ್ಲಿ ಅಲ್ಲಿ ಕಾಲರಾ ಬಂತು. ಎಲ್ಲಿಂದ? ವಿಶ್ವಸಂಸ್ಥೆ ನಮ್ಮಿಂದಲ್ಲ ಅಂತು. ಪಿಯರ್ರೂ ಅನ್ನೋ ಫ್ರೆಂಚ್ ವೈದ್ಯರು ಮೊದಲ ರೋಗಿಗಳು ಯಾವ ಹಳ್ಳಿಯವರು ಅಂತ ನಕ್ಷೆಯಲ್ಲಿ ಗುರುತು ಹಾಕುತ್ತಾ ಹೋದರು. ಗುರುತುಗಳೆಲ್ಲ ಒಂದು ಹೊಳೆಯ ಪಕ್ಕ, ವಿಶ್ವಸಂಸ್ಥೆಯ ಶಾಂತಿಪಡೆಯ ಒಂದು ನೆಲೆಯ ಕೆಳಗೆ ಸೇರಿದವು. ಅಲ್ಲಿನ ಮಲ ಹೊಳೆ ಸೇರುತ್ತಿತ್ತು. ಸುಮಾರು 10 ಸಾವಿರ ಜನ ಸತ್ತ ಮೇಲೆ, ಆರು ವರ್ಷ ಕಳೆದು, 2016ರಲ್ಲಿ ವಿಶ್ವಸಂಸ್ಥೆ ಕ್ಷಮೆ ಕೇಳಿತು. ನಕ್ಷೆ ಅಕ್ಕಿ ಹಂಚೋಕೆ ಮಾತ್ರ ಅಲ್ಲ, ತಪ್ಪು ಮಾಡಿದ ದೊಡ್ಡವರನ್ನು ಹಿಡಿಯೋಕೂ ಆಗುತ್ತೆ ಅನ್ನೋಕೆ ಇದು ಹೇಳಿದೆ.

*7. ಪಟ್ಟಿಯೇ ಹಗ್ಗ ಆಗೋದೂ ಉಂಟು*

ತಮ್ಮನ ಅನುಮಾನದಲ್ಲಿ ಒಂದು ಸತ್ಯ ಇದೆ. ಅದನ್ನು ಮುಚ್ಚಿಡಬಾರದು. ಎಣಿಸೋರೆಲ್ಲ ಉದ್ಧಾರ ಮಾಡೋಕೆ ಎಣಿಸೋದಿಲ್ಲ. 1871ರಲ್ಲೇ ಬ್ರಿಟಿಷರು ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ತಂದು, ಅಲೆಮಾರಿಗಳ ಹೆಸರು ರಿಜಿಸ್ಟರಿಗೆ ಏರಿಸಿ, ಠಾಣೆಗೆ ಹಾಜರಿ ಹಾಕೋ ಹಾಗೆ ಮಾಡಿದರು. ಹುಟ್ಟಿದ ಕೂಸೂ ಕಳ್ಳ. ಆ ಪಟ್ಟಿಯ ಗಾಯ ಇವತ್ತಿಗೂ ಆರಿಲ್ಲ. ಇತ್ತೀಚಿನದು ಬೇಕು ಅಂದರೆ, ಬಾಂಗ್ಲಾದೇಶದ ಶಿಬಿರಗಳಲ್ಲಿದ್ದ ರೋಹಿಂಗ್ಯಾ ನಿರಾಶ್ರಿತರ ವಿವರವನ್ನು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಸಂಗ್ರಹಿಸಿತು. ಅದು ಬಾಂಗ್ಲಾ ಸರ್ಕಾರದ ಮೂಲಕ, ಅವರು ಯಾರಿಗೆ ಹೆದರಿ ಓಡಿ ಬಂದಿದ್ದರೋ ಅದೇ ಮ್ಯಾನ್ಮಾರ್ ಸರ್ಕಾರದ ಕೈ ಸೇರಿತು, ಜನರಿಗೆ ಸರಿಯಾಗಿ ತಿಳಿಸಿ ಒಪ್ಪಿಗೆ ಪಡೆದಿರಲಿಲ್ಲ ಅಂತ ಹ್ಯೂಮನ್ ರೈಟ್ಸ್ ವಾಚ್ 2021ರಲ್ಲಿ ಹೇಳಿತು.

ಹಾಗಾಗಿ ಯಾರಾದರೂ ಮೊಬೈಲ್ ಆಪ್ ಹಿಡಿದು ಕೇರಿಗೆ ಬಂದರೆ ಕೇಳಿ: ಇದು ಯಾರಿಗೆ ಹೋಗುತ್ತೆ? ಯಾಕೆ ಬೇಕು? ಆಧಾರ್ ನಂಬರ್ ಏತಕ್ಕೆ? ನಮಗೊಂದು ಪ್ರತಿ ಕೊಡ್ತೀರಾ? ಕೇಳೋದು ನಮ್ಮ ಹಕ್ಕು.

ಆದರೆ ಎಣಿಸದೇ ಬಿಡೋದು ಇದಕ್ಕಿಂತ ಅಪಾಯ. 2020ರ ಲಾಕ್‌ಡೌನಿನಲ್ಲಿ ನಡೆದು ನಡೆದು ಸತ್ತ ವಲಸೆ ಕಾರ್ಮಿಕರ ಬಗ್ಗೆ ಅದೇ ಸೆಪ್ಟೆಂಬರಿನಲ್ಲಿ ಸಂಸತ್ತಿನಲ್ಲಿ ಪ್ರಶ್ನೆ ಬಂತು. ಅಂಥ ದತ್ತಾಂಶ ಇಟ್ಟಿಲ್ಲ ಅಂತ ಕಾರ್ಮಿಕ ಸಚಿವಾಲಯ ಉತ್ತರ ಕೊಟ್ಟಿತು. ಲೆಕ್ಕ ಇಲ್ಲ, ಹಾಗಾಗಿ ಪರಿಹಾರದ ಪ್ರಶ್ನೆಯೂ ಇಲ್ಲ. ಅದೇ ಹೊತ್ತಿನಲ್ಲಿ ಸರ್ಕಾರದ ಸಂಬಳ ಇಲ್ಲದ ಕೆಲವು ಸಂಶೋಧಕರು ಪತ್ರಿಕೆಗಳ ಸುದ್ದಿ ಒಂದೊಂದೇ ಆರಿಸಿ, ಹಸಿವು, ಸುಸ್ತು, ಅಪಘಾತ, ಆತ್ಮಹತ್ಯೆ ಅಂತ ವಿಂಗಡಿಸಿ, ಸೋಂಕಿನಿಂದಲ್ಲದ 900ಕ್ಕೂ ಹೆಚ್ಚು ಸಾವುಗಳ ಪಟ್ಟಿ ಮಾಡಿದ್ದರು.

ನಮ್ಮ ಕೆಜಿಎಫ್‌ನ ಬೆಜವಾಡ ವಿಲ್ಸನ್ ಅವರನ್ನೇ ನೋಡಿ. ಒಣ ಪಾಯಿಖಾನೆ ಇಲ್ಲವೇ ಇಲ್ಲ ಅಂತ ಅಧಿಕಾರಿಗಳು ಹೇಳ್ತಿದ್ದ ಕಾಲದಲ್ಲಿ ಅವರು ಫೋಟೊ ತೆಗೆದರು, ಎಣಿಸಿದರು, ಪತ್ರ ಬರೆದರು. 2003ರಲ್ಲಿ ಸಫಾಯಿ ಕರ್ಮಚಾರಿ ಆಂದೋಲನ ಸುಪ್ರೀಂ ಕೋರ್ಟಿಗೆ ಹೋಯಿತು. ರಾಜ್ಯ ರಾಜ್ಯಗಳು ನಮ್ಮಲ್ಲಿಲ್ಲ ಅಂದಾಗಲೆಲ್ಲ ಇವರು ಇಲ್ಲಿದೆ ನೋಡಿ ಅಂತ ಪುರಾವೆ ಇಟ್ಟರು. 2014ರ ಮಾರ್ಚ್ 27ರ ತೀರ್ಪು ಬಂತು: 1993ರಿಂದ ಈಚೆ ಮ್ಯಾನ್‌ಹೋಲ್‌ನಲ್ಲಿ ಸತ್ತವರನ್ನು ಗುರುತಿಸಿ ಪ್ರತಿ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕು. ಇದು ಹೋರಾಟವೋ ಡೇಟಾವೋ? ಎರಡೂ ಒಂದೇ ಅನ್ನೋದು ನನ್ನ ಮಾತು.

*8. ಮುಂದಿನ ನೆರೆಗೆ ಮೊದಲು*

2009ರ ಅಕ್ಟೋಬರಿನಲ್ಲಿ ಉತ್ತರ ಕರ್ನಾಟಕ ಮುಳುಗಿದಾಗ ನಾವು ಕೆಲವರು ಬಟ್ಟೆ, ಅಕ್ಕಿ ತಗೊಂಡು ಒಂದು ಹಳ್ಳಿಗೆ ಹೋಗಿದ್ದೆವು. ಶಾಲೆ ಗೋಡೆಗೆ ಹಾನಿಯಾದ ಮನೆಗಳ ಪಟ್ಟಿ ಅಂಟಿಸಿದ್ದರು. ಕೇರಿಯ ಸುಮಾರು ಮನೆ ಅದರಲ್ಲಿ ಇರಲಿಲ್ಲ. ಕೇಳಿದರೆ, ಅವರಿಗೆ ಹಕ್ಕುಪತ್ರ ಇಲ್ಲ ಅಂದರು. ಗೋಡೆ ಬಿದ್ದದ್ದು ಕಣ್ಣೆದುರಿಗಿದೆ, ಕಾಗದದಲ್ಲಿ ಮನೆಯೇ ಇಲ್ಲ. ಒಬ್ಬ ಮುದುಕಿ, "ಹಂಗಾರ ನಾ ಇಷ್ಟ ದಿನಾ ಎಲ್ಲಿ ಮಲಕೊಂಡಿದ್ದೆ ಸಾಹೇಬ?" ಅಂತ ಕೇಳಿದಳು. ಯಾರ ಹತ್ತಿರವೂ ಉತ್ತರ ಇರಲಿಲ್ಲ.

2019ರ ಆಗಸ್ಟಿನ ನೆರೆಯಲ್ಲಿ ಮನೆಗಳನ್ನು ಎ, ಬಿ, ಸಿ ಅಂತ ವಿಂಗಡಿಸಿದರು. ಎ ಬಂದರೆ 5 ಲಕ್ಷ, ಸಿ ಬಂದರೆ 50 ಸಾವಿರ. ಒಂದು ಅಕ್ಷರದಲ್ಲಿ ಬದುಕು ನಿಂತಿದೆ. ಆ ಅಕ್ಷರ ಬರೆಯೋನು ಕೇರಿಯೊಳಗೆ ಕಾಲಿಟ್ಟಿದ್ದನಾ, ಊರ ಬಾಗಿಲಲ್ಲೇ ನಿಂತು ಬರೆದನಾ? ಇನ್ನು ಬೆಳೆ ಪರಿಹಾರ. ಶೇ. 33ಕ್ಕಿಂತ ಹೆಚ್ಚು ಬೆಳೆ ಹೋಗಿದ್ದರೆ ಹೆಕ್ಟೇರಿಗೆ ಇಷ್ಟು ಅಂತ ನಿಯಮ. ಅದು ಹೋಗೋದು ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ. ಆ ಹೊಲದಲ್ಲಿ ಕಳೆ ಕಿತ್ತು, ಕೊಯ್ಲಿನ ಕೂಲಿ ನಂಬಿ ಕೂತ ನಮ್ಮ ಹೆಣ್ಣುಮಕ್ಕಳಿಗೆ ಆ ನಮೂನೆಯಲ್ಲಿ ಜಾಗ ಇಲ್ಲ. ನಾಗಪಟ್ಟಣದ ದೋಣಿ ಕಥೆಯೇ ಇಲ್ಲೂ.

ಇದಕ್ಕೆ ಏನು ಮಾಡೋಣ? ದೊಡ್ಡ ದುಡ್ಡು ಬೇಡ. ನಮ್ಮ ಸಂಘದ ಹುಡುಗ ಹುಡುಗಿಯರು ಮಳೆಗಾಲಕ್ಕೆ ಮೊದಲು ಒಂದೆರಡು ಭಾನುವಾರ ಕೊಟ್ಟರೆ ಸಾಕು.

ಒಂದು, ಕೇರಿಯ ಕೈನಕ್ಷೆ ಬರೆಯಿರಿ. ಮನೆ, ಬೋರು, ಅಂಗನವಾಡಿ, ತಗ್ಗು, ನೀರು ಬರೋ ದಾರಿ, ಎತ್ತರದ ಜಾಗ. ಹಿರಿಯರನ್ನು ಕೂರಿಸಿಕೊಂಡು ಕೇಳಿ. ಯಾವ ವರ್ಷ ಎಲ್ಲಿಯ ತನಕ ನೀರು ಬಂದಿತ್ತು ಅಂತ ಅವರಿಗೆ ಗೊತ್ತು. ಕುಳವಾಡಿಯ ಮೊಮ್ಮಕ್ಕಳು ನಾವು, ನೆಲ ನಮಗೆ ಗೊತ್ತು.

ಎರಡು, ಮನೆವಾರು ಪಟ್ಟಿ. ಎಷ್ಟು ಜನ, ಕೂಸು, ಬಾಣಂತಿ, ವಯಸ್ಸಾದವರು, ಅಂಗವಿಕಲರು, ಗುಳೆ ಹೋದವರು. ಹಕ್ಕುಪತ್ರ ಇದೆಯಾ, ಇಲ್ಲ ಅಂದರೆ ಎಷ್ಟು ವರ್ಷದಿಂದ ಇದ್ದಾರೆ, ಕರೆಂಟ್ ಬಿಲ್ಲು, ರೇಷನ್ ಕಾರ್ಡು ಏನಾದರೂ ಇದೆಯಾ? ದಿನಗೂಲಿ ಎಷ್ಟು, ಯಾವ ತಿಂಗಳು ಕೆಲಸ ಇರುತ್ತೆ?

ಮೂರು, ಈಗಲೇ ಪ್ರತಿ ಮನೆಯ ಫೋಟೊ ತೆಗೆದಿಡಿ, ತಾರೀಖು ಸಮೇತ. ಮನೆ ಬಿದ್ದ ಮೇಲೆ ಅದು ಇತ್ತು ಅನ್ನೋಕೆ ಬೇರೆ ಸಾಕ್ಷಿ ಇರಲ್ಲ.

ನಾಲ್ಕು, ಪಟ್ಟಿಯನ್ನು ಕೇರಿಯ ಜನರ ಮುಂದೆ ಜೋರಾಗಿ ಓದಿ, ತಿದ್ದಿ. ಹೆಸರಿರೋ ಪ್ರತಿ ಕೇರಿಯಲ್ಲೇ ಇರಲಿ, ವಾಟ್ಸಾಪಿನಲ್ಲಿ, ಫೇಸ್‌ಬುಕ್ಕಿನಲ್ಲಿ ಬಿಡಬೇಡಿ. ಪಂಚಾಯಿತಿ, ತಹಸೀಲ್ದಾರ್ ಕಚೇರಿಗೆ ಮನೆ ಸಂಖ್ಯೆ, ಜನಸಂಖ್ಯೆ ಇರೋ ಪ್ರತಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಗುಮಾಸ್ತನ ಮಾತು ಕೇಳಿ, ಆ ಮುದ್ರೆ ಇಲ್ಲದ ಕಾಗದ ಬರೀ ಕಾಗದ.

ಐದು, ವಿಪತ್ತು ಆದ ಮೇಲೆ ಅವರ ಪಟ್ಟಿ ಬಂದ ದಿನವೇ ನಮ್ಮ ಪಟ್ಟಿ ಪಕ್ಕಕ್ಕಿಟ್ಟು ತಾಳೆ ನೋಡಿ. ಬಿಟ್ಟು ಹೋದ ಮನೆಗಳನ್ನು ಬರಹದಲ್ಲಿ ಕೊಡಿ. ಆಮೇಲೆ ಬೀದಿಗೆ ಇಳಿಯೋಣ. ಆಗ ನಮ್ಮ ಕೈಯಲ್ಲಿ ಬಾವುಟದ ಜೊತೆ ಕಾಗದವೂ ಇರುತ್ತೆ.

ಶಿಕ್ಷಣ, ಸಂಘಟನೆ, ಹೋರಾಟ ಅಂತ ಬಾಬಾಸಾಹೇಬರು ಹೇಳಿದ್ದನ್ನು ನಾವು ದಿನಾ ಹೇಳ್ತೀವಿ. ನಮ್ಮ ಕೇರಿಯ ಲೆಕ್ಕ ನಾವೇ ಇಡೋದು ಕೂಡ ಆ ಶಿಕ್ಷಣದ ಒಂದು ಪಾಠ ಅಂತ ನಾನು ನಂಬಿದ್ದೀನಿ. ನಿಮ್ಮ ಊರಿನಲ್ಲಿ ಯಾರಾದರೂ ಇಂಥ ಪಟ್ಟಿ ಮಾಡಿದ್ದರೆ ಹೇಗೆ ಮಾಡಿದಿರಿ, ಎಲ್ಲಿ ತೊಡಕಾಯಿತು ಅಂತ ಕೆಳಗೆ ಬರೆಯಿರಿ. ನಮೂನೆ ಬೇಕು ಅನ್ನೋರು ಇನ್‌ಬಾಕ್ಸಿಗೆ ಬನ್ನಿ. ಒಂದೇ ಹಾಳೆಯದ್ದು, ಕನ್ನಡದಲ್ಲಿ ಮಾಡಿಟ್ಟಿದ್ದೀನಿ. ದಿನಗೂಲಿಗೆ ಅದರಲ್ಲಿ ಕಾಲಂ ಇದೆ.

ಜೈಭೀಮ್.